ಬಿಳಿ ಚಲ್ಲಣದ ಸವಾರ

ಎರವಲು ತಂದ ವಸ್ತುವನ್ನು ನನ್ನದಕ್ಕಿಂತ ಜೋಪಾನವಾಗಿ ನೋಡಿಕೊಳ್ಳುತ್ತೇನೆ ಎಂಬ ಜಂಬ ನನಗಿತ್ತು. ಅದು ಇಳಿದದ್ದು ಲಾಕ್‌ಡೌನಿನ ಮೂರನೆಯ ತಿಂಗಳಲ್ಲಿ, ಹೊರದೇಶದ ಪೆಟಾಲಿಂಗ್ ಜಯಾ ಎಂಬ ಊರಿನ ನಮ್ಮ ಫ್ಲ್ಯಾಟಿನಲ್ಲಿ.

ಆಗ ನಾನು ಅಲ್ಲಿನ ಕಾಲೇಜೊಂದರಲ್ಲಿ ವಸ್ತ್ರವಿನ್ಯಾಸ ಕಲಿಸುತ್ತಿದ್ದೆ. ಹಳೆಯ ಕಾಲದ ಉಡುಪುಗಳ ಪಾಠಕ್ಕೆಂದು ಪಕ್ಕದ ಬಾಂಗ್ಸಾರಿನಲ್ಲಿದ್ದ ಒಬ್ಬ ಹಿರಿಯರಿಂದ ಆರು ಅಚ್ಚಿನ ಚಿತ್ರಗಳನ್ನು ತಂದಿದ್ದೆ. ಅವರು ಮೈಸೂರಿನವರು, ಅದೇ ದೇಶದ ಮೆಲಾಕಾದಲ್ಲಿ ವೈದ್ಯರಾಗಿದ್ದು ನಿವೃತ್ತರಾದವರು. ಚಿತ್ರಗಳು ಫ್ರಾನ್ಸಿನ ಶ್ರೀಮಂತ ಮನೆತನಗಳ ಆಳುಗಳವು; ಎಲ್ಲರೂ ಕುದುರೆ ಸವಾರಿಯ ಉಡುಪಿನಲ್ಲಿ. ಸಾರೋಟಿನ ಮುಂದೆ ಸಾಗುವ ಸವಾರ, ತೊಡೆಯವರೆಗೆ ಬೂಟು ಹಾಕಿ ಗಾಡಿಯ ಕುದುರೆಯನ್ನೇ ಏರಿ ಕುಳಿತವ, ಬೇಟೆಗೆ ಹೊರಟವ. ಅಚ್ಚು ಹಾಕಿದ ಮೇಲೆ ಕೈಯಿಂದ ಬಣ್ಣ ತುಂಬಿದ್ದರು. ಕೋಟಿನ ಬಣ್ಣ ನೋಡಿಯೇ ಯಾವ ಮನೆಯ ಆಳು ಎಂದು ಹೇಳಬಹುದಿತ್ತಂತೆ. ಕೋಟು ಮಾತ್ರ ಅವನದಲ್ಲ, ಕೆಲಸ ಬಿಟ್ಟ ದಿನ ಧಣಿಗೆ ಬಿಚ್ಚಿಕೊಡಬೇಕು.

ಆರನೆಯದನ್ನು ಕೊಡುವಾಗ ಅವರು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು. ನೀಲಿ ಕೋಟು, ಬಿಳಿ ಚಲ್ಲಣ.

"ನಮ್ಮಪ್ಪ ಅರಮನೆ ಲಾಯದಲ್ಲಿದ್ದರಮ್ಮ. ಹೆಚ್ಚುಕಮ್ಮಿ ಇದೇ ಡ್ರೆಸ್ಸು. ಅವರದೊಂದು ಫೋಟೊ ಕೂಡ ಇಲ್ಲ ನಮ್ಮ ಹತ್ರ. ಇದನ್ನ ನೋಡಿದ್ರೆ ಅವರೇ ನಿಂತ ಹಾಗಿರುತ್ತೆ. ಒಂದು ವಾರಕ್ಕೆ ವಾಪಸ್ ಕೊಡ್ತೀಯಲ್ಲ?"

ಕೊಡುತ್ತೇನೆ ಎಂದೆ. ಎರಡು ದಿನದಲ್ಲಿ ದೇಶವೇ ಬಾಗಿಲು ಹಾಕಿತು.

ನನ್ನ ತವರಿನಲ್ಲಿ ಹಳೆಯ ಪುಸ್ತಕಗಳನ್ನು ಕೆಂಪು ವಸ್ತ್ರದಲ್ಲಿ ಸುತ್ತಿಡುವುದು ರೂಢಿ. ಹುಳ ಹಿಡಿಯುವುದಿಲ್ಲ ಎನ್ನುತ್ತಾರೆ. ಪೂಜೆಗೆಂದು ತಮಿಳರ ಅಂಗಡಿಯಿಂದ ತಂದ ಕೆಂಪು ಬಟ್ಟೆಯಿತ್ತು. ಚಿತ್ರಗಳನ್ನು ಅದರಲ್ಲಿ ಸುತ್ತಿ ಬೀರುವಿನ ಮೇಲಿಟ್ಟೆ. ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆಂದು ಫೋನಿನಲ್ಲಿ ಆ ಹಿರಿಯರಿಗೆ ಹೆಮ್ಮೆಯಿಂದ ಹೇಳಿಯೂ ಹೇಳಿದೆ. ನೂಲು, ನೇಯ್ಗೆ, ಬಣ್ಣ ಎಂದು ವರ್ಷಗಟ್ಟಲೆ ಪಾಠ ಕೊರೆದವಳಿಗೆ ಆ ಬಟ್ಟೆ ಬಣ್ಣ ಬಿಡುತ್ತದೆಯೇ ಎಂದು ಒಮ್ಮೆ ನೀರಿನಲ್ಲಿ ಅದ್ದಿ ನೋಡಬೇಕೆಂದು ಹೊಳೆಯಲಿಲ್ಲ.

ಗೋಡೆಯ ಏಸಿ ತೊಟ್ಟಿಕ್ಕತೊಡಗಿದಾಗ ರಿಪೇರಿಯವರು ಬರುವಂತಿರಲಿಲ್ಲ. ಕೆಳಗೊಂದು ಬಕೆಟ್ ಇಟ್ಟು ಸುಮ್ಮನಾದೆ. ನೀರು ಗೋಡೆಗುಂಟ ಬೀರುವಿನ ಮೇಲೂ ಇಳಿಯುತ್ತಿದೆಯೆಂದು ತಿಳಿದದ್ದು ಆ ಹಿರಿಯರ ಫೋನ್ ಬಂದ ದಿನ.

"ಕಣ್ಣಿನ ಪೊರೆ ಆಪರೇಷನ್ನಿಗೆ ಕೊನೆಗೂ ಡೇಟ್ ಕೊಟ್ರಮ್ಮ. ಈಗ ಏನೂ ಸರಿಯಾಗಿ ಕಾಣಲ್ಲ, ಎಲ್ಲ ಮಂಜು ಮಂಜು. ಪಟ್ಟಿ ಬಿಚ್ಚಿದ ದಿನ ಮೊದಲು ಅಪ್ಪನ್ನ ನೋಡ್ಬೇಕು. ಈಗ ಓಡಾಡೋಕೆ ಬಿಡ್ತಾರಲ್ಲ, ತಂದುಕೊಡ್ತೀಯಾ?"

ಗಂಟು ಇಳಿಸಿದೆ. ಒದ್ದೆಯಾಗಿತ್ತು. ಐದು ಚಿತ್ರಗಳ ಅಂಚಷ್ಟೇ ಗುಲಾಬಿಯಾಗಿತ್ತು. ಆರನೆಯದು ಎಲ್ಲಕ್ಕಿಂತ ಮೇಲಿತ್ತು. ಬಿಳಿ ಚಲ್ಲಣದ ಮೇಲೆ, ಸೊಂಟದಿಂದ ಮೊಣಕಾಲಿನವರೆಗೆ ಕೆಂಪು ಹರಡಿತ್ತು. ಸವಾರ ಗಾಯಗೊಂಡವನಂತೆ ಕಾಣುತ್ತಿದ್ದ. ಹತ್ತಿಯಿಂದ ಒತ್ತಿದೆ, ಕಲೆ ಇನ್ನಷ್ಟು ಅಗಲವಾಯಿತು. ಬಿಳಿ ಬಣ್ಣ ಕಲಸಿ, ಕುಂಚ ಹಿಡಿದು ಒಂದು ಮಧ್ಯಾಹ್ನವಿಡೀ ಕೂತೆ. ಯಾರಿಗೂ ಗೊತ್ತಾಗದಂತೆ ಬಳಿಯುವ ಕೈ ನನಗಿದೆ ಎಂಬುದೇ ಭಯ ಹುಟ್ಟಿಸಿತು. ಕುಂಚ ತೊಳೆದಿಟ್ಟೆ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದೆಂದು ನಿಶ್ಚಯಿಸಿದೆ.

ಚಿತ್ರಗಳನ್ನು ಒಣಗಿಸಿ, ಕಾಗದದಲ್ಲಿ ಕಟ್ಟಿ ಬಾಂಗ್ಸಾರಿಗೆ ಹೊರಟೆ. ದಾರಿಯಲ್ಲಿ ಪೊಲೀಸರು ಕಾರು ನಿಲ್ಲಿಸಿ ಎಲ್ಲಿಗೆ, ಯಾಕೆ ಎಂದು ಕೇಳಿದರು. ಅಷ್ಟಕ್ಕೇ ನಾಲಿಗೆ ತೊದಲಿತು.

ಗೇಟಿನ ಆಚೆ ಮಾಸ್ಕ್ ಹಾಕಿಕೊಂಡು ಅವರೇ ನಿಂತಿದ್ದರು. ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿ, ಕಟ್ಟನ್ನು ತೆಗೆದುಕೊಂಡು ಎದೆಗೆ ಅವುಚಿಕೊಂಡರು.

"ಅಪ್ಪ ಹೇಗಿದ್ದಾರಮ್ಮ? ಚಲ್ಲಣ ಬೆಳ್ಳಗಿದೆ ತಾನೇ? ಅದೊಂದು ವಿಷಯಕ್ಕೆ ಮನೇಲಿ ಎಲ್ಲರ ಮೇಲೂ ಕೂಗಾಡ್ತಿದ್ರು," ಎಂದು ನಕ್ಕರು.

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತು ಹೊರಡಲಿಲ್ಲ.

"ಬೆಳ್ಳಗೇ ಇದೆ ಸರ್."

"ಯಾರೂ ಬಿಚ್ಚಬಾರದು ಅಂತ ಮಗಳಿಗೆ ಹೇಳ್ತೀನಿ. ನಾನೇ ತೆಗೀತೀನಿ."

ಆಮೇಲಿನ ದಿನಗಳಲ್ಲಿ ಫೋನ್ ಎಷ್ಟು ಸಲ ಕೈಗೆತ್ತಿಕೊಂಡು ಇಟ್ಟೆನೋ. ಆನ್‌ಲೈನ್ ಪಾಠದ ನಡುವೆ ಕ್ಯಾಮೆರಾ ಆಫ್ ಮಾಡಿ ಅತ್ತೆ. ಕಣ್ಣು ಕಾಣದವರಿಗೆ, ಅದೂ ಅವರ ಅಪ್ಪನ ವಿಷಯದಲ್ಲಿ ಸುಳ್ಳು ಹೇಳಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಗಿತ್ತು. ಆದರೂ ಹೇಳಲಿಲ್ಲ. ಆಪರೇಷನ್ ಮುಂದಕ್ಕೆ ಹೋಗಲಿ ಎಂದು ಒಂದು ಕ್ಷಣ ಬಯಸಿದ್ದೂ ಉಂಟು.

ಮುಂದಕ್ಕೆ ಹೋಗಲಿಲ್ಲ. ಪಟ್ಟಿ ಬಿಚ್ಚಿದ ಮರುದಿನ ಬೆಳಿಗ್ಗೆ ಅವರೇ ಫೋನ್ ಮಾಡಿದರು.

"ಚೆನ್ನಾಗಿ ಕಾಣ್ತಿದೆಯಮ್ಮ. ಗೋಡೆ ಮೇಲಿನ ಹಲ್ಲಿ ಕೂಡ."

"ಚಿತ್ರ ನೋಡಿದ್ರಾ ಸರ್?"

"ನೋಡಿದೆ. ಬೆಳ್ಳಗೇ ಇದೆ, ನೀನು ಹೇಳಿದ ಹಾಗೆ."

"ಸರ್..." ಎಂದೆ.

"ಇನ್ನೊಂದ್ಸಲ ಏನಾದರೂ ಸುತ್ತಿಡೋದಿದ್ರೆ ಬಿಳಿ ಬಟ್ಟೇಲಿ ಸುತ್ತಮ್ಮ," ಎಂದು ಫೋನ್ ಇಟ್ಟರು.