ಆರನೆಯ ಗೆರೆ

ಗೌರಿಬಿದನೂರಿನಲ್ಲಿರುವ ನಮ್ಮ ಫೂಫಿ, ಅಂದರೆ ಅಬ್ಬಾನ ಅಕ್ಕ, ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಮುಗಿದು ಮನೆಗೆ ಬಂದ ದಿನದಿಂದ ಅಬ್ಬಾ ನನ್ನ ಹಿಂದೆ ಬಿದ್ದಿದ್ದರು: ಒಂದು ಸಲ ಕರೆದುಕೊಂಡು ಹೋಗು. ಅವರಿಗೆ ಎಪ್ಪತ್ತಾರು. ಮೂವತ್ತು ವರ್ಷ ನಾವಿರುವ ಈ ಊರಿನ ರಸ್ತೆಗಳಲ್ಲಿ ಬಸ್ ಓಡಿಸಿದವರಿಗೆ ಈಗ ಬಸ್ಸಿನ ಮೆಟ್ಟಿಲು ಹತ್ತಲು ಮಂಡಿ ಬಿಡುತ್ತಿರಲಿಲ್ಲ. ನಾನು ಆರ್.ಟಿ. ನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಲೈಸೆನ್ಸ್ ಇತ್ತು, ಕಾರಿರಲಿಲ್ಲ. ಆ್ಯಪಿನಲ್ಲಿ ಹುಡುಕಿ, ಒಂದು ಭಾನುವಾರಕ್ಕೆ ನಾವೇ ಓಡಿಸುವ ಬಾಡಿಗೆ ಕಾರೊಂದನ್ನು ಬುಕ್ ಮಾಡಿದೆ.

ಕಾರು ಕೊಡುವ ಜಾಗ ಕೆಂಪಾಪುರದಲ್ಲಿತ್ತು. ರಸ್ತೆಗಿಂತ ಒಂದಾಳು ತಗ್ಗಿನಲ್ಲಿದ್ದ ಖಾಲಿ ಸೈಟು. ಅಲ್ಲಿಂದ ರಸ್ತೆಗೆ ಕಾಂಕ್ರೀಟಿನ ಏರು. ಕೊಡಲು ಸಿದ್ಧವಾದ ಕಾರುಗಳು ಆ ಏರಿನ ಮೇಲೆ ಮೂತಿ ಮೇಲೆ ಮಾಡಿ ನಿಂತಿದ್ದವು. ನಲವತ್ತರ ಆಸುಪಾಸಿನ, ಕಂಪನಿಯ ಟೀ ಶರ್ಟು ತೊಟ್ಟ ಒಬ್ಬರೇ ಮನುಷ್ಯ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು. ಅವರು ಕೀ ತಿರುಗಿಸಿ, ಮೀಟರಿನ ಫೋಟೋ ತೆಗೆದು ನನಗೆ ತೋರಿಸಿದರು.

"ಎಂಟು ಗೆರೇಲಿ ಆರು ಗೆರೆ ಪೆಟ್ರೋಲ್ ಐತೆ, ನೋಡ್ಕೊಳಿ ಮೇಡಂ. ಸಾಯಂಕಾಲ ಆರು ಗಂಟೆಗೆ ಆರು ಗೆರೆ ಇಟ್ಟು ವಾಪಸ್ ಕೊಡ್ಬೇಕು. ಕಮ್ಮಿ ಆದ್ರೆ ಆ ಪೆಟ್ರೋಲಿನ ದುಡ್ಡು, ಅದ್ರ ಮ್ಯಾಲೆ ತುಂಬ್ಸೋ ಚಾರ್ಜು. ಜಾಸ್ತಿ ಇದ್ರೆ ವಾಪಸ್ ಬರಲ್ಲ."

ನಾನು ಫೋನಿನ ಮೇಲೆ ಒಪ್ಪಿಗೆಯ ಗುರುತು ಒತ್ತಿದೆ. ಅಬ್ಬಾ ಕಷ್ಟಪಟ್ಟು ಕಾಲು ಒಳಗೆಳೆದುಕೊಂಡು ಮುಂದಿನ ಸೀಟಿನಲ್ಲಿ ಕೂತರು.

ಜಕ್ಕೂರು ದಾಟುವಷ್ಟರಲ್ಲಿ ಅವರು ಮೀಟರಿನತ್ತ ಬಗ್ಗಿದರು. ನಾವು ಮನೆಯಲ್ಲಿ ಆಡುವುದು ದಖನಿ. ಅವರು ನನಗೆ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಬೇಟಾ, ಐದಾಯ್ತು."

"ಏನು ಐದು?"

"ಗೆರೆ. ನಾಲ್ಕು ಮೈಲಿಗೆ ಒಂದು ಗೆರೆ ಕುಡಿಯೋಕೆ ಇದೇನು ಲಾರಿಯಾ? ಏರಿನ ಮೇಲೆ ನಿಲ್ಲಿಸಿದ್ದಾರೆ. ಟ್ಯಾಂಕಿನ ಪೆಟ್ರೋಲ್ ಹಿಂದಕ್ಕೆ ಸರಿದು ಮೀಟರ್ ಜಾಸ್ತಿ ತೋರಿಸಿದೆ."

ನಾನು ಕಾರನ್ನು ಪಕ್ಕಕ್ಕೆ ಹಾಕಿ, ಆ್ಯಪಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ರೆಕಾರ್ಡ್ ಮಾಡಿಟ್ಟ ಹೆಣ್ಣುದನಿಯೊಂದು ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುತ್ತಲೇ ಇತ್ತು. ಎರಡು ಸಲ ಕಾದು ಕೈಬಿಟ್ಟೆ. ಐದು ಗೆರೆಯ ಫೋಟೋ ತೆಗೆದುಕೊಂಡು ಹೊರಟೆವು.

ಗೌರಿಬಿದನೂರಿನಲ್ಲಿ ಫೂಫಿ ಅಬ್ಬಾನ ಕೈ ಹಿಡಿದವರು ಮಧ್ಯಾಹ್ನವೆಲ್ಲ ಬಿಡಲಿಲ್ಲ. ಮಾತೇನೂ ಹೆಚ್ಚಿರಲಿಲ್ಲ. ಉಂಡೆಯಾ, ಔಷಧಿ ತಗೊಂಡೆಯಾ, ಅಷ್ಟೇ. ಅಬ್ಬಾ ತಟ್ಟೆಯಿಂದ ತುತ್ತು ಮಾಡಿ ಅಕ್ಕನ ಬಾಯಿಗಿಟ್ಟರು. ಎರಡೂವರೆಗೆ ಹೊರಡಬೇಕಾದವರು ಮೂರೂ ಮುಕ್ಕಾಲಿಗೆ ಹೊರಟೆವು. ನಾನು ಗಡಿಯಾರ ನೋಡುವುದು ಕಂಡು ಅಬ್ಬಾ, "ನಿಧಾನವಾಗಿಯೇ ಹೋಗು, ಬಾಡಿಗೆಯವರಿಗೋಸ್ಕರ ಪ್ರಾಣ ಕೊಡಬೇಡ" ಎಂದರು.

ಯಲಹಂಕದ ಹತ್ತಿರದ ಬಂಕಿಗೆ ಬಂದಾಗ ಐದೂಕಾಲು. ಓಡಿಸಿದ ದೂರವನ್ನು ಅಬ್ಬಾ ಬಾಯಲ್ಲೇ ಲೆಕ್ಕ ಹಾಕಿ ಹತ್ತು ಲೀಟರ್ ಹಾಕಿಸಿದರು. ಮೀಟರ್ ಐದು ಗೆರೆಗೆ ಬಂದು ನಿಂತಿತು.

"ಇನ್ನೂ ಒಂದಿಷ್ಟು ಹಾಕಿಸಿಬಿಡೋಣ ಅಬ್ಬಾ. ಆರು ತೋರಿಸಲಿ, ಗಲಾಟೆ ಬೇಡ."

"ಅವರು ಕೊಟ್ಟಿದ್ದು ಐದು. ಕೊಡದೇ ಇದ್ದದ್ದನ್ನ ನಾವು ಯಾಕೆ ವಾಪಸ್ ಕೊಡಬೇಕು?"

ಹಿಂದಿನ ಕಾರಿನವರು ಹಾರ್ನ್ ಹೊಡೆದರು. ವಾದಕ್ಕೆ ಸಮಯವಿರಲಿಲ್ಲ. ಹೊರಟೆ.

ಕೊಡಿಗೇಹಳ್ಳಿ ಗೇಟಿನ ಹತ್ತಿರ ರಸ್ತೆ ಪೂರ್ತಿ ಕಟ್ಟಿಹೋಗಿತ್ತು. ಮುಂದೆ ಎಲ್ಲೋ ಒಂದು ಟೆಂಪೊ ಕೆಟ್ಟು ನಿಂತಿದೆಯೆಂದು ಆಟೊದವರೊಬ್ಬರು ಹೇಳಿದರು. ಏರ್‌ಪೋರ್ಟಿನಿಂದ ಬರುತ್ತಿದ್ದ ಟ್ಯಾಕ್ಸಿಗಳ ಮಧ್ಯೆ ನಾವು ಅಂಗುಲ ಅಂಗುಲ ಸರಿಯುತ್ತಿದ್ದೆವು. ತಡವಾದರೆ ಗಂಟೆಯ ಲೆಕ್ಕದಲ್ಲಿ ದಂಡ. ಕಾರು ನಿಂತಲ್ಲೇ ಪೆಟ್ರೋಲ್ ಉರಿಯುತ್ತಿದೆ, ಈ ಐದನೆಯ ಗೆರೆಯೂ ಹೋದರೆ? ಏಸಿ ಆರಿಸಿದೆ. ಅಬ್ಬಾನ ಕುತ್ತಿಗೆಯಲ್ಲಿ ಬೆವರು ಇಳಿಯತೊಡಗಿತು. ಅವರು ಬಿಪಿ ಮಾತ್ರೆಯ ಮನುಷ್ಯ. ನಾಚಿಕೆಯಾಗಿ ಮತ್ತೆ ಹಾಕಿದೆ. ಕೆಂಪಾಪುರದ ಸೈಟಿಗೆ ಇಳಿದಾಗ ಆರಕ್ಕೆ ಎರಡು ನಿಮಿಷವಿತ್ತು.

ಆ ಮನುಷ್ಯ ನಮ್ಮ ಕಾರನ್ನು ಕೆಳಗೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಲು ಹೇಳಿದರು. ನಾನು ಇಳಿದೆ. ಅಬ್ಬಾ ಮಂಡಿ ಉಜ್ಜಿಕೊಳ್ಳುತ್ತ ಒಳಗೇ ಕೂತಿದ್ದರು. ಅದೇ ಕಾರಿಗಾಗಿ ಒಬ್ಬ ಯುವಕ, ಅವನ ಹೆಂಡತಿ ಬ್ಯಾಗು ಹಿಡಿದು ಕಾಯುತ್ತಿದ್ದರು.

"ಐದೇ ಐತೆ ಮೇಡಂ. ಬೆಳಿಗ್ಗೆ ಆರಿತ್ತು, ಫೋಟೋ ಐತೆ."

ನಾನು ನನ್ನ ಫೋಟೋ ತೋರಿಸಿದೆ, ಬಂಕಿನ ಬಿಲ್ ತೋರಿಸಿದೆ. ಅವರು ಅದನ್ನು ಸರಿಯಾಗಿ ನೋಡಲೂ ಇಲ್ಲ.

"ಬಿಲ್ ಏನ್ ಮೇಡಂ, ಹಾಕ್ಸಿ ಬಿಲ್ ತಗೊಂಡು ಆಮೇಲೆ ಪೈಪ್ ಹಾಕಿ ತೆಗ್ದಿರೋರೂ ಅವ್ರೆ. ನಿಮ್ಗೆ ಅಂತ ಅಲ್ಲ. ಜನ ಮಾಡ್ತಾರೆ, ದಿನಾ ನೋಡ್ತೀವಿ."

ಕಾರಿನೊಳಗೆ ಅಬ್ಬಾನ ಕೈ ಮಂಡಿಯ ಮೇಲೆಯೇ ನಿಂತುಬಿಟ್ಟಿತು.

ನನಗೆ ಗೊತ್ತಿದ್ದ ಸಂಗತಿ ಆ ಮನುಷ್ಯನಿಗೆ ಗೊತ್ತಿರಲಿಲ್ಲ. ನಾನು ಆರನೆಯ ಕ್ಲಾಸಿನಲ್ಲಿದ್ದಾಗ, ಅಬ್ಬಾ ಓಡಿಸುತ್ತಿದ್ದ ಬಸ್ಸು ವಾರವಿಡೀ ಹೆಚ್ಚು ಡೀಸೆಲ್ ಕುಡಿದಿದ್ದಕ್ಕೆ, ಅವರೇ ಕದ್ದು ಮಾರುತ್ತಿದ್ದಾರೆಂಬ ಮಾತು ಡಿಪೋದಲ್ಲಿ ಎದ್ದಿತ್ತು. ಸಾಹೇಬರ ಕೋಣೆಯ ಹೊರಗೆ ಎರಡು ದಿನ ನಿಲ್ಲಿಸಿದ್ದರಂತೆ. ಆಮೇಲೆ ಪೈಪು ಸೋರುತ್ತಿದ್ದದ್ದು ಸಿಕ್ಕಿತು. ಯಾರೂ ತಪ್ಪಾಯಿತು ಎನ್ನಲಿಲ್ಲ. ಆ ಎರಡು ರಾತ್ರಿ ಅಬ್ಬಾ ಊಟ ಮಾಡಿರಲಿಲ್ಲವೆಂದು ಅಮ್ಮಿ ಬಹಳ ವರ್ಷಗಳ ನಂತರ ಹೇಳಿದ್ದರು.

ಅಬ್ಬಾ ಕಿಟಕಿಯಿಂದ ತಲೆ ಹೊರಹಾಕಿ, ಕನ್ನಡದಲ್ಲಿ, ದನಿ ಏರಿಸದೆ ಹೇಳಿದರು: "ನೋಡಪ್ಪ, ಬೆಳಿಗ್ಗೆ ಈ ಕಾರ್ ಎಲ್ಲಿ ನಿಲ್ಸಿದ್ಯೋ ಅಲ್ಲೇ ನಿಲ್ಸಿ ನೋಡು."

"ಅಂಗೆಲ್ಲ ಆಗಲ್ಲ ಯಜಮಾನ್ರೇ. ಕೆಳಗೇ ಚೆಕ್ ಮಾಡ್ಬೇಕು ಅಂತ ರೂಲ್ಸ್ ಐತೆ."

"ಕೊಡೋವಾಗ ಏರಲ್ಲಿ, ತಗೊಳೋವಾಗ ಸಮದಲ್ಲಿ. ಈ ರೂಲ್ಸ್ ಎಲ್ಲಿ ಬರ್ದಿದೆ ತೋರ್ಸು."

ಆ ಮನುಷ್ಯ ನನ್ನ ಕಡೆ ತಿರುಗಿದರು. "ಮೇಡಂ, ನೀವು ಕಟ್ಟೋಗಂಟ ಟ್ರಿಪ್ ಕ್ಲೋಸ್ ಆಗಲ್ಲ. ಲೇಟ್ ಚಾರ್ಜ್ ಓಡ್ತಾ ಇರ್ತದೆ. ಆಮೇಲೆ ನನ್ನ ಅನ್ಬೇಡಿ."

ಫೋನಿನಲ್ಲಿ ಮೊತ್ತ ಬಂದಾಗಿತ್ತು. ಪೆಟ್ರೋಲಿನ ದರ ಬಂಕಿನ ದರಕ್ಕಿಂತ ಹೆಚ್ಚು. ತುಂಬಿಸುವ ಚಾರ್ಜು ಆ ಪೆಟ್ರೋಲಿಗಿಂತ ಹೆಚ್ಚು. ಕಾಯುತ್ತಿದ್ದ ದಂಪತಿ ನಮ್ಮನ್ನೇ ನೋಡುತ್ತಿದ್ದರು. ಅಬ್ಬಾನ ಮುಖ ಕೆಂಪಾಗಿತ್ತು. ನನಗೆ ಅಲ್ಲಿಂದ ಹೋದರೆ ಸಾಕಾಗಿತ್ತು. ಒತ್ತಿಬಿಟ್ಟೆ.

ಬಾಗಿಲು ತೆಗೆದು, "ಇಳೀರಿ ಅಬ್ಬಾ, ಆಟೊ ಮಾಡ್ತೀನಿ" ಎಂದೆ.

"ಕಟ್ಟಿಬಿಟ್ಟೆಯಾ?"

"ಹೂಂ."

"ಹಾಗಾದರೆ ನಾವೇ ತೆಗೆದಿದ್ದು ಅಂತ ಒಪ್ಪಿಕೊಂಡ ಹಾಗಾಯಿತು."

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನಾನು ಇಳಿಯಲ್ಲ" ಎಂದರು ಅಬ್ಬಾ, ಸೀಟ್ ಬೆಲ್ಟನ್ನು ಮತ್ತೆ ಹಾಕಿಕೊಂಡು.

ನಾನು ಆ ಮನುಷ್ಯನ ಎದುರಿಗೆ ಹೋಗಿ ನಿಂತೆ. "ದುಡ್ಡು ಕಟ್ಟಾಯ್ತು. ಈಗ ಮೇಲೆ ನಿಲ್ಸಿ ತೋರ್ಸಿ. ತೋರ್ಸೋವರೆಗೂ ನಾವು ಹೋಗಲ್ಲ."

"ಇದೇನ್ ಮೇಡಂ, ಕಸ್ಟಮರ್ ಕಾಯ್ತಾವ್ರೆ."

ಆಗ ಕಾಯುತ್ತಿದ್ದ ಯುವಕ ಹತ್ತಿರ ಬಂದ. "ನೋಡೇ ಬಿಡೋಣ ಬ್ರದರ್. ಈಗ ನಾವೇ ತಾನೆ ಈ ಕಾರ್ ತಗೋತಿರೋದು? ನಮ್ಗೂ ಗೊತ್ತಾಗ್ಲಿ."

ಆ ಮನುಷ್ಯ ಕೀಯನ್ನು ಬೆರಳಲ್ಲಿ ಒಂದೆರಡು ಸಲ ತಿರುಗಿಸಿದರು. ಆಮೇಲೆ ಸ್ಟೀರಿಂಗಿನ ಹಿಂದೆ ಕೂತು, ಪಕ್ಕದಲ್ಲಿ ಅಬ್ಬಾ ಇದ್ದಂತೆಯೇ ಕಾರನ್ನು ತಿರುಗಿಸಿ ಏರಿನ ಮೇಲೆ ತಂದು ನಿಲ್ಲಿಸಿದರು. ನಾವು ಮೂವರೂ ಹಿಂದೆಯೇ ಹತ್ತಿ ಕಿಟಕಿಗೆ ಬಗ್ಗಿದೆವು. ಆಫ್ ಮಾಡಿ ಆನ್ ಮಾಡಿದರು.

ಐದು.

"ನೋಡಿದ್ರಾ?" ಎಂದರು ಅವರು. ಅಬ್ಬಾನ ಅಂದಾಜು ತಪ್ಪಿದ್ದರೆ ಇಲ್ಲಿಂದ ಅವರನ್ನು ಹೇಗೆ ಮನೆಗೆ ಕರೆದುಕೊಂಡು ಹೋಗಲಿ?

"ಅವಸರ ಮಾಡ್ಬೇಡ. ಪೆಟ್ರೋಲ್ ಸರೀಲಿ. ಆಫ್ ಮಾಡಿ ಬಿಡು" ಎಂದರು ಅಬ್ಬಾ.

ಕಾದೆವು. ಅಬ್ಬಾ ತಾವೇ ಕೈ ನೀಡಿ, "ಈಗ ಹಾಕು" ಎಂದು ಕೀಯತ್ತ ತೋರಿಸಿದರು. ಗೆರೆಗಳು ಕೆಳಗಿನಿಂದ ಒಂದೊಂದಾಗಿ ಹೊತ್ತಿಕೊಂಡವು. ನಾಲ್ಕು, ಐದು. ಒಂದು ಕ್ಷಣ ನಿಂತು, ಆರು.

ಯುವಕ ಆಗಲೇ ಫೋನು ತೆಗೆದಿದ್ದ. "ನಮ್ಗೆ ಕೆಳಗೆ ನಿಲ್ಸಿ ಫೋಟೋ ತೆಗೀರಿ" ಎಂದ.

ಆ ಮನುಷ್ಯ ಕಾರಿನಿಂದ ಇಳಿಯಲಿಲ್ಲ. ಅಬ್ಬಾನಿಗೆ ಮಾತ್ರ ಕೇಳುವಂತೆ ಹೇಳಿದರು, ಬಾಗಿಲ ಬಳಿಯಿದ್ದ ನನಗೂ ಕೇಳಿಸಿತು: "ನಂಗೆ ಆಪೀಸಿಂದ ಇಂಗೇ ನಿಲ್ಸು ಅಂತ ಯೋಳವ್ರೆ ಯಜಮಾನ್ರೇ. ಕಮ್ಮಿ ಬಂದ್ರೆ ನನ್ನ ಸಂಬಳದಾಗೆ ಹಿಡೀತಾರೆ. ಆ ಪೈಪಿನ ಮಾತು ನಾನು ಆಡ್ಬಾರ್ದಾಗಿತ್ತು."

ಅಬ್ಬಾ ಬೆಲ್ಟು ಬಿಚ್ಚಿದರು. "ಕೈ ಕೊಡು, ಇಳೀಬೇಕು" ಎಂದರು. ಆ ಮನುಷ್ಯ ಇಳಿದು ಈ ಕಡೆಗೆ ಬಂದರು, ಇಬ್ಬರೂ ಸೇರಿ ಮಂಡಿಯನ್ನು ಹೊರಗೆ ತಂದರು.

ಮರುದಿನ ನಾನು ದೂರು ಬರೆಯಲು ಕೂತೆ. ಆಫೀಸಿನವರೇ ಏರಿನ ಮೇಲೆ ನಿಲ್ಲಿಸಲು ಹೇಳಿದ್ದಾರೆ, ಅವರ ಕೆಲಸದವರೇ ಒಪ್ಪಿಕೊಂಡಿದ್ದಾರೆ ಎಂದು ಬರೆದು ಅಬ್ಬಾನಿಗೆ ಓದಿ ಹೇಳಿದೆ. "ಆ ಸಾಲು ತೆಗೆ. ನಾಳೆ ಅವನ ಕೆಲಸ ಹೋಗುತ್ತೆ" ಎಂದರು. ಅದೇ ನಮ್ಮ ಗಟ್ಟಿ ಸಾಕ್ಷಿ ಎಂದು ವಾದಿಸಿದೆ. ಕೇಳಲಿಲ್ಲ. ತೆಗೆದು ಕಳಿಸಿದೆ. ಹನ್ನೆರಡು ದಿನಕ್ಕೆ ಉತ್ತರ ಬಂತು: ಗ್ರಾಹಕರ ಸಮಾಧಾನಕ್ಕಾಗಿ ಪೆಟ್ರೋಲಿನ ಹಣ ಹಿಂದಿರುಗಿಸಲಾಗಿದೆ, ತುಂಬಿಸುವ ಚಾರ್ಜು ನಿಯಮದಂತೆ ಹಿಂದಿರುಗುವುದಿಲ್ಲ. ಏರಿನ ಬಗ್ಗೆ ಒಂದಕ್ಷರವಿರಲಿಲ್ಲ. ಮತ್ತೆ ಎರಡು ಸಲ ಬರೆದೆ. ಅದೇ ಉತ್ತರ ಬಂತು.

ಅಬ್ಬಾ ಈ ಕಥೆಯನ್ನು ಫೂಫಿಗೆ ಫೋನಿನಲ್ಲಿ ಹೇಳಿದರು. ಮಸೀದಿಯ ಹತ್ತಿರದ ಟೀ ಅಂಗಡಿಯಲ್ಲಿ ಹಳೆಯ ಡ್ರೈವರುಗಳಿಗೆ ಹೇಳಿದರು. ಮನೆಗೆ ಬಂದ ನೆಂಟರಿಗೆಲ್ಲ ಹೇಳಿದರು. ನಾನು ಪಕ್ಕದಲ್ಲಿದ್ದಾಗಲೂ ಹೇಳಿದ್ದಾರೆ. ಟೆಂಪೊ ಕೆಟ್ಟಿದ್ದು, ಗೆರೆ ಐದಕ್ಕೆ ನಿಂತಿದ್ದು, ಆ ಯುವಕ ನಮ್ಮ ಪರ ಮಾತಾಡಿದ್ದು, ಯಾವುದನ್ನೂ ಬಿಡುವುದಿಲ್ಲ. ನಾನು ದುಡ್ಡು ಕಟ್ಟಿಬಿಟ್ಟಿದ್ದೆ ಎಂಬುದೊಂದನ್ನು ಮಾತ್ರ ಅವರು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.