ಉದ್ದ ಬೋಲ್ಟು

ಭಾವನ ಸೈಕಲ್ಲಿಗೆ ಮಡ್‌ಗಾರ್ಡ್ ಕೂಡಿಸಿದವನು ನಾನೇ. ಅದನ್ನು ಹೇಳಲು ನನಗೆ ಎರಡು ವರ್ಷ ಹಿಡಿಯಿತು.

ಅಕ್ಕ ನಾರಾಯಣಪೇಟೆಯಲ್ಲಿ ಮಗ್ಗದ ಮೇಲೆ ರೇಷ್ಮೆ ಸೀರೆ ನೇಯುತ್ತಿದ್ದಳು. ನೇದದ್ದನ್ನು ಭಾವ ಹಳೆಯ ಬಟ್ಟೆಯಲ್ಲಿ ಗಂಟು ಕಟ್ಟಿ, ಕ್ಯಾರಿಯರಿಗೆ ಬಿಗಿದು, ನೂಲು ಕೊಟ್ಟು ನೇಯಿಸುವ ಸಾಹುಕಾರರ ಮನೆಗೆ ಒಯ್ಯುತ್ತಿದ್ದರು. ಮಡ್‌ಗಾರ್ಡ್ ತುಕ್ಕು ಹಿಡಿದು ಉದುರಿತ್ತು. ಮಳೆಗಾಲದ ಕೆಸರು ಗಂಟಿಗೆ ಹಾರೀತೆಂದು ಅಕ್ಕನಿಗೆ ದಿಗಿಲು. ನಾನು ಗದ್ವಾಲದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವವ. ಸೈಕಲ್ಲಿನದು ಒಂದು ಕೆಲಸವೇ ಎಂದು ಬೀಗಿದೆ.

ಸೈಕಲ್ ಅಂಗಡಿಯ ಮುದುಕರು ಮಡ್‌ಗಾರ್ಡಿನ ಜೊತೆ ಗಿಡ್ಡ ಬೋಲ್ಟು, ವಾಷರು, ಬೋಲ್ಟಿನ ತುದಿ ಮುಚ್ಚುವ ಟೋಪಿ ನಟ್ಟು ಎಲ್ಲ ತೆಗೆದಿಟ್ಟರು. ಇವೇನು ಆಟದ ಸಾಮಾನೇ ಎಂದು ನಾನು ಅಲ್ಲೇ ಬಿಟ್ಟೆ. ಅವರು ಬೇಸರಿಸದೆ, "ಬೋಲ್ಟು ನಟ್ಟಿನ ಹೊರಗ ಭಾಳ ಬರಬಾರದ್ರಿ. ಬಂದ್ರ ಏನಾರ ಹಿಡಕೊಂತೈತಿ" ಎಂದರು. ನನಗೇ ಪಾಠ ಹೇಳುತ್ತಾರಲ್ಲ ಎಂದು ಒಳಗೊಳಗೇ ನಕ್ಕೆ.

ಗದ್ವಾಲದಿಂದ ತಂದ ನನ್ನ ಬೋಲ್ಟುಗಳು ತೂತಿಗೆ ಸರಿಯಾಗಿ ಕೂತವು, ಉದ್ದ ಮಾತ್ರ ಹೆಚ್ಚಿತ್ತು. ತುದಿ ಒಳಗಿದ್ದರೆ ಟೈರಿಗೆ ತಗಲುತ್ತದೆಂದು ಹೊರಕ್ಕೆ ಮಾಡಿ ಬಿಗಿದೆ. ಕ್ಯಾರಿಯರಿನ ಪಕ್ಕದಲ್ಲೇ ಅರ್ಧ ಬೆರಳಷ್ಟು ಚಾಚಿಕೊಂಡಿತ್ತು. ಗರಗಸ ತಂದು ಕೊಯ್ಯಲು ಮೈಗಳ್ಳತನ.

ಮುಂದಿನ ವಾರ ಹೋದಾಗ ಭಾವ ಸೀರೆಯನ್ನು ವಾಪಸು ತಂದಿದ್ದರು. ಅಂಚಿನಲ್ಲಿ ಗೇಣುದ್ದ ಎಳೆಗಳು ಕಿತ್ತುಬಂದಿದ್ದವು. ನಿಮ್ಮ ಮಗ್ಗ ಕೆಟ್ಟಿದೆ, ಇನ್ನು ರೇಷ್ಮೆ ಕೊಡುವುದಿಲ್ಲ, ಹತ್ತಿ ಸೀರೆ ನೇಯಿರಿ ಎಂದು ಸಾಹುಕಾರರು ಹೇಳಿ ಕಳಿಸಿದ್ದರು.

ಅಕ್ಕ ಅಳಲಿಲ್ಲ. ಒಂದು ಹಿಡಿ ಅರಳೆ ತೆಗೆದುಕೊಂಡು ಮಗ್ಗದ ಒಂದೊಂದು ಕಟ್ಟಿಗೆಗೂ ಸವರುತ್ತಾ ಕೂತಳು. ಎಲ್ಲಿ ಸಿಬಿರು ಇದೆಯೋ ಅಲ್ಲಿ ಅರಳೆ ಸಿಕ್ಕಿಕೊಳ್ಳುತ್ತದೆಂದು. ಎಲ್ಲೂ ಸಿಗಲಿಲ್ಲ. ಮತ್ತೆ ಮೊದಲಿನಿಂದ ಸವರಿದಳು.

ನಾನು ಅಂಗಳಕ್ಕೆ ಹೋಗಿ ನೋಡಿದರೆ ನನ್ನ ಬೋಲ್ಟಿಗೆ ಅದೇ ಸೀರೆಯ ಕುಂಕುಮ ಬಣ್ಣದ ರೇಷ್ಮೆ ಎಳೆ ಸುತ್ತಿಕೊಂಡಿತ್ತು. ಗಂಟಿನ ಬಟ್ಟೆ ಮೊದಲೇ ತೂತುತೂತು, ಇನ್ನೊಂದು ತೂತು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎಳೆಯನ್ನು ಬಿಡಿಸಿ ಜೇಬಿಗೆ ಹಾಕಿಕೊಂಡೆ. ಅದೇ ಅಂಗಡಿಗೆ ಹೋಗಿ ಗಿಡ್ಡ ಬೋಲ್ಟು ತಂದು ಬದಲಿಸಿದೆ. ಒಳಗೆ ಬಂದು ಅಕ್ಕ ಕೊಟ್ಟ ಚಹಾ ಕುಡಿದೆ. ಮಕ್ತಲ್ ಬಸ್ಸು ಹತ್ತಿ ಗದ್ವಾಲಕ್ಕೆ ಹೊರಟುಬಂದೆ.

ಈ ಮಳೆಗಾಲ ಯಾರದೋ ಎತ್ತಿನ ಬಂಡಿ ತಗಲಿ ಮಡ್‌ಗಾರ್ಡ್ ನಜ್ಜುಗುಜ್ಜಾಯಿತು. ಭಾವ ಫೋನು ಮಾಡಿ ಕರೆದರು. ಹೊಸದನ್ನು ನನ್ನ ಕೈಗಿಟ್ಟು, "ನೀನ ಹಾಕು. ನೀ ಹಾಕಿದ್ದು ಗಟ್ಟಿ ಇರ್ತೈತಿ" ಎಂದರು. ಒಳಗೆ ಅಕ್ಕ ಕಡಿಮೆ ಕೂಲಿಯ ಹತ್ತಿ ಸೀರೆಯನ್ನೇ ನೇಯುತ್ತಿದ್ದಳು. ನಾಚಿಕೆಯಿಂದ ಸ್ಪ್ಯಾನರ್ ಹಿಡಿಯಲಾಗಲಿಲ್ಲ. ಮಡ್‌ಗಾರ್ಡನ್ನು ಅಲ್ಲೇ ಇಟ್ಟು ಒಳಗೆ ಹೋಗಿ, ಬೋಲ್ಟಿನಿಂದ ಹಿಡಿದು ಜೇಬಿಗೆ ಹಾಕಿಕೊಂಡ ಎಳೆಯವರೆಗೆ ಎಲ್ಲ ಹೇಳಿದೆ.

ಅಕ್ಕ ಲಾಳಿ ನಿಲ್ಲಿಸಿದಳು. ಬೈಯಲಿ ಎಂದು ತಲೆತಗ್ಗಿಸಿ ನಿಂತೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಮಗ್ಗದ ಕಟ್ಟಿಗೆಯನ್ನು ಕೈಯಿಂದ ಮೆಲ್ಲಗೆ ಸವರಿದಳು.

"ಈ ಮಗ್ಗಕ್ಕ ಎಷ್ಟು ಬೈದೀನೋ ತಮ್ಮಾ" ಎಂದಳು.