ನಾಲ್ಕು ಮಂದಿ ಇಟ್ಟದ್ದು

ಇಂದು ಜೋಳದ ಹೊಲಕ್ಕೆ ಹೋದಾಗ, ಹಕ್ಕಿ ಬೆದರಿಸಲು ನಾನೇ ಕಟ್ಟಿದ್ದ ಸಿ.ಡಿ. ಬಿಸಿಲಿಗೆ ಹೊಳೆದು ಕಣ್ಣಿಗೆ ಹೊಡೆಯಿತು. ಅದು ಕಸ್ತೂರಿಯದು. ಕಸ್ತೂರಿ ನನ್ನ ತಂಗಿಯ ಮಗಳು. ಗಂಡ ಬಿಟ್ಟ ಮೇಲೆ ಇಂಡಿ ಊರಿನ ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ಟೈಪಿಂಗ್ ಅಂಗಡಿ ಇಟ್ಟಿದ್ದಳು. ಅವಳಿಗಿದ್ದದ್ದು ಅದೊಂದೇ ಅನ್ನ. ನಾನು ಅಲ್ಲಿ ಕಸ ಹೊಡೆದು, ಬಂದವರಿಗೆ ನೀರು ಕೊಟ್ಟು ಕೂರುತ್ತಿದ್ದೆ. ನನ್ನ ಓದು ಬಸ್ಸಿನ ಬೋರ್ಡಿನ ಮಟ್ಟದ್ದು. ಆದರೆ ಬುದ್ಧಿ ಹೇಳುವುದಕ್ಕೆ ಓದು ಬೇಕೇ, ನೀವೇ ಹೇಳಿ.

ಕಂಪ್ಯೂಟರಿನ ಒಳಗೆ ಅದನ್ನು ನಡೆಸುವ ವ್ಯವಸ್ಥೆ ಒಂದು ಇರುತ್ತದಂತೆ. ಊರಿನ ಅಂಗಡಿಗಳಲ್ಲೆಲ್ಲ ಒಂದೇ ಇತ್ತು. ಕಸ್ತೂರಿ ಮಾತ್ರ ಪುಕ್ಕಟೆ ಸಿಗುವ ಬೇರೊಂದನ್ನು ಈ ಸಿ.ಡಿ.ಯಿಂದ ಹಾಕಿಕೊಂಡಿದ್ದಳು. ಅದು ಕೆಟ್ಟು ನಿಂತದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಆದರೆ ಝಳಕಿ ಶಾಲೆಯ ಮಾಸ್ತರರು ಬೇರೆ ಅಂಗಡಿಯಲ್ಲಿ ಮಾಡಿಸಿದ್ದ ಪ್ರಶ್ನೆಪತ್ರಿಕೆಯ ಫ್ಲಾಪಿ ತಟ್ಟೆ ತಂದು ಹಾಕಿದರೆ, ಇವಳ ಪರದೆಯ ಮೇಲೆ ಕನ್ನಡ ಅಕ್ಷರದ ಬದಲು ಬರೀ ಗೀಟು, ಚುಕ್ಕಿ.

“ಎಲ್ಲಾರೂ ಅದನ್ನ ಇಟ್ಟಾರ ಅಂದ್ರ ಅದ ಚಲೋ ಇರಬೇಕಲ್ಲ, ತಂಗಿ. ಮಂದಿ ಏನ್ ದಡ್ಡರದಾರೇನು?” ಅಂದರು ಮಾಸ್ತರರು.

“ದಡ್ಡರಲ್ರಿ ಸರ್. ಅವರು ಇಟ್ಟಾರಂತ ಇವರು, ಇವರು ಇಟ್ಟಾರಂತ ಅವರು. ಎರಡೂ ಹಚ್ಚಿ ನೋಡಿದವರು ಯಾರದಾರ ಹೇಳ್ರಿ?”

ಮಾಸ್ತರರು ನಕ್ಕು, ಫ್ಲಾಪಿ ಜೇಬಿಗಿಟ್ಟು ಎದುರಿನ ಅಂಗಡಿಗೆ ಹೋದರು. ಹಿಂದೆಯೇ ಉಳಿದ ಗಿರಾಕಿಗಳೂ ಹೋದರು. ಆಗ ನಾನು ಬಾಯಿ ಹಾಕಿದೆ.

“ನಮ್ಮೂರಿಗೆ ಲಾರಿ ಬರೂದು ನಿಂಬಿಕಾಯಿಗೆ. ನೀ ಒಬ್ಬಾಕಿ ಪೇರಲ ಹಚ್ಚಿ ಕುಂತ್ರ ಯಾರು ಒಯ್ತಾರ? ನಾಕ ಮಂದಿ ಇಟ್ಟಿದ್ದ ಇಡು.”

“ಅದಕ್ಕ ಪೇರಲ ಕೆಟ್ಟದ್ದಾತೇನು, ದೊಡ್ಡವ್ವ?”

“ಕೆಟ್ಟದ್ದಲ್ಲ. ಕೊಳೀತೈತಿ.”

ಮರುದಿನ ಕಸ್ತೂರಿ ಎಲ್ಲರೂ ಇಟ್ಟಿದ್ದನ್ನೇ ಹಾಕಿಸಿದಳು. ಗಿರಾಕಿಗಳು ತಿರುಗಿ ಬಂದರು, ನಾನು ಬೀಗಿದೆ. ಲಗ್ನದ ಹಂಗಾಮಿನಲ್ಲಿ ಯಾರದೋ ಫ್ಲಾಪಿಯ ಜೊತೆ ವೈರಸ್ಸು ಬಂತು. ಅದು ಎಲ್ಲರೂ ಇಟ್ಟಿದ್ದಕ್ಕೇ ಹತ್ತುವಂಥದ್ದು, ಕಸ್ತೂರಿಯ ಹಳೆಯದಕ್ಕೆ ಹತ್ತುತ್ತಿರಲಿಲ್ಲವಂತೆ. ಟೈಪ್ ಮಾಡಿಟ್ಟಿದ್ದ ಲಗ್ನಪತ್ರಿಕೆಗಳೆಲ್ಲ ಅಳಿಸಿಹೋದವು. ಹೆಣ್ಣಿನ ಕಡೆಯವರು ಬಾಗಿಲಲ್ಲಿ ನಿಂತು ಬೈದದ್ದು ಬಾಯಲ್ಲಿ ಹೇಳುವಂಥದ್ದಲ್ಲ. ಅಂಗಡಿಯ ಹೆಸರು ಕೆಟ್ಟಿತು, ಅಂಗಡಿ ಮುಚ್ಚಿತು. ಕಸ್ತೂರಿ ಸಿಂದಗಿಯಲ್ಲಿ ಯಾರದೋ ಬಟ್ಟೆ ಅಂಗಡಿಗೆ ಸೀರೆ ಮಡಚುವ ಕೆಲಸಕ್ಕೆ ಹೋದಳು. ನನ್ನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಚಲೋ ಇತ್ತು.

ಅವಳು ಬಿಟ್ಟುಹೋದ ಸಾಮಾನಿನಲ್ಲಿ ಈ ಸಿ.ಡಿ. ಉಳಿದಿತ್ತು. ಸುತ್ತಲಿನ ಹೊಲದವರು ಕಟ್ಟಿದ್ದು ನೋಡಿ ನಾನೂ ಕಟ್ಟಿದ್ದೆ. ಹಕ್ಕಿ ಹೆದರುತ್ತವೋ ಇಲ್ಲವೋ ಎಂದು ನಿಂತು ನೋಡಿರಲಿಲ್ಲ. ಇಂದು ನೋಡಿದೆ. ಗುಬ್ಬಿಗಳು ಅದರ ಪಕ್ಕದ ತೆನೆಯ ಮೇಲೇ ಕೂತು ತಿನ್ನುತ್ತಿದ್ದವು. ದಾರ ಬಿಚ್ಚಿ, ಸಿ.ಡಿ.ಯನ್ನು ಸೆರಗಿನಲ್ಲಿ ಒರೆಸಿ ಇಟ್ಟುಕೊಂಡೆ. ಹಳೆಯ ಡಬ್ಬ ಹುಡುಕಿ ಬಡಿಯುತ್ತ ನಿಂತೆ. ಆಚೆ ಹೊಲದವಳು ನೋಡಿ ನಕ್ಕಳು. ಹಕ್ಕಿಗಳು ಎದ್ದು ಅವಳ ಸಿ.ಡಿ.ಗಳ ಕಡೆಗೆ ಹಾರಿದವು.